ಬಾಟಿಕ್ ಬಟ್ಟೆಯ ಡ್ರೆಸ್ಡನ್ ಪ್ಲೇಟ್ ಕೌದಿ: ಎಷ್ಟು ಇಸ್ತ್ರಿ ಹೊಡೆದರೂ ತಟ್ಟೆ ಮಟ್ಟಸವಾಗಿ ಕೂರುತ್ತಿಲ್ಲ

ಚಿಂದಿಗಂಟು, ಕಲಬುರಗಿ

ಹೊಲಿಗೆ ಬಲ್ಲವರು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮಾವನವರು ಮಹಾಕಾಲೇಶ್ವರನ ದರ್ಶನಕ್ಕೆಂದು ಉಜ್ಜಯಿನಿಗೆ ಹೋದವರು ಅಲ್ಲೇ ಪಕ್ಕದ ಭೇರುಗಢದಿಂದ ಬಾಟಿಕ್ ಬಟ್ಟೆ, ಅಂದರೆ ಮೇಣ ಹಚ್ಚಿ ಬಣ್ಣ ಹಾಕಿ ಚಿತ್ತಾರ ಮೂಡಿಸಿದ್ದು, ತಂದುಕೊಟ್ಟರು. ಐದು ಬಣ್ಣ, ಒಂದೊಂದು ಬಣ್ಣ ಒಂದೊಂದು ಮೀಟರು. ಕುಪ್ಪಸ ಹೊಲಿಸಿ ಮುಗಿಸುವುದಕ್ಕೆ ಮನಸ್ಸು ಬರಲಿಲ್ಲ. ಅಮೆರಿಕದವರು ಹೊಲಿಯುವ ಡ್ರೆಸ್ಡನ್ ಪ್ಲೇಟ್ ಎಂಬ ವಿನ್ಯಾಸದಲ್ಲಿ ಕೌದಿ ಮಾಡೋಣವೆಂದು ಹೊರಟಿದ್ದೇನೆ.

ಗೊತ್ತಿಲ್ಲದವರಿಗೆ: ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದಾಗಿರುವ 20 ಎಸಳುಗಳನ್ನು ಕತ್ತರಿಸಬೇಕು. ಅಗಲದ ತುದಿಯನ್ನು ಉದ್ದಕ್ಕೆ ಮಡಚಿ ಹೊಲಿದು ತಿರುವಿದರೆ ಚೂಪಾದ ಮೂತಿ ಬರುತ್ತದೆ. ಎಲ್ಲವನ್ನೂ ಅಕ್ಕಪಕ್ಕ ಸೇರಿಸಿದರೆ ದುಂಡಗಿನ ತಟ್ಟೆ. ಅದನ್ನು ಚೌಕದ ಬಟ್ಟೆಯ ಮೇಲಿಟ್ಟು ಹೊಲಿದು, ನಡುವಿನ ತೂತಿನ ಮೇಲೆ ಬಿಲ್ಲೆ ಕೂರಿಸುವುದು.

ತೊಂದರೆ ಏನೆಂದರೆ ತಟ್ಟೆ ನೆಲಕ್ಕೆ ಅಂಟುತ್ತಿಲ್ಲ. ನಡುವೆ ಸರಿಯಾಗಿದೆ, ಅಂಚು ಮಾತ್ರ ಕರಿದ ಹಪ್ಪಳದಂತೆ ಏಳುತ್ತದೆ. ಗಂಜಿ ಹಾಕಿ, ನೀರು ಚಿಮುಕಿಸಿ ಇಸ್ತ್ರಿ ಮಾಡಿದೆ. ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತದೆ. ಬಾಟಿಕ್ ಬಟ್ಟೆಯ ಗುಣವೇ ಹೀಗೋ?

ಹಳೆ ಮಷಿನ್, ಶಹಾಬಾದ್

ಬಟ್ಟೆಯನ್ನು ದೂರಬೇಡಿ ಅಕ್ಕಾ. ಮಾರ್ಜಿನ್, ಅಂದರೆ ಹೊಲಿಗೆಯಿಂದ ಬಟ್ಟೆಯ ಅಂಚಿನವರೆಗಿನ ಪಟ್ಟಿ, ಕಾಲು ಇಂಚು ಬಿಡಬೇಕಾದ ಕಡೆ ನೀವು ಕಡಿಮೆ ಬಿಟ್ಟಿದ್ದೀರಿ. ಒಂದೊಂದು ಎಸಳು ಕೂದಲೆಳೆಯಷ್ಟು ಅಗಲವಾದರೂ ಇಪ್ಪತ್ತು ಎಸಳಿಗೆ ಎಷ್ಟಾಯಿತು? ಬಿಚ್ಚಿ, ಮಾರ್ಜಿನ್ ಹೆಚ್ಚಿಸಿ ಹೊಲಿಯಿರಿ. ಸೂಜಿಯಿಂದ ಅಳೆದು ಮಷಿನ್ನಿನ ಹಾಸಿನ ಮೇಲೆ ಬ್ಯಾಂಡೇಜ್ ಪಟ್ಟಿಯ ತುಂಡೊಂದನ್ನು ಅಂಟಿಸಿಕೊಳ್ಳಿ, ಬಟ್ಟೆಯ ಅಂಚು ಅದಕ್ಕೆ ತಾಗಿಕೊಂಡೇ ಸಾಗಲಿ. ನಲವತ್ತು ರೂಪಾಯಿಯ ಬ್ಲೌಸ್ ಹೊಲಿಯುತ್ತಿದ್ದ ಕಾಲದಿಂದಲೂ ನಾನು ಮಾಡುತ್ತಿರುವುದು ಇದೇ.

ಕೌದಿ ಆಯಿಯ ಮೊಮ್ಮಗ, ಆಳಂದ

ಇದನ್ನು ನಮ್ಮ ಆಯಿಗೆ ಓದಿ ಹೇಳಿದೆ. ಅವಳ ಮೊದಲ ಪ್ರಶ್ನೆ: ಹೊಸ ಬಟ್ಟೆಯನ್ನು ಕತ್ತರಿಸಿ ಮತ್ತೆ ಕೂಡಿಸುವ ಕೇಡುಗಾಲ ಯಾರಿಗೆ ಬಂದಿದೆ? ಕೌದಿ ಹುಟ್ಟಿದ್ದೇ ಉಟ್ಟು ಹಳತಾದ ಸೀರೆ, ಧೋತರಗಳಿಂದ. ಹತ್ತು ವರ್ಷ ಒಗೆಸಿಕೊಂಡ ಬಟ್ಟೆಗೆ ಕುಗ್ಗುವುದೂ ಗೊತ್ತಿಲ್ಲ, ಬಣ್ಣ ಬಿಡುವುದೂ ಗೊತ್ತಿಲ್ಲ. ಹೊಸ ಬಟ್ಟೆ ತಂದವರಿಗೇ ಇಷ್ಟೆಲ್ಲ ಸಂಕಟ ಎನ್ನುತ್ತಾಳೆ.

ಎರಡನೆಯ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: ಆ ತಟ್ಟೆಯ ಫೋಟೊ ಇದೆಯೇ?

ಮೇಣದ ಬಿರುಕು, ಬೀದರ್

ಆಯಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಬಾಟಿಕ್ ಕಲಿತು ಕೆಲವು ವರ್ಷ ಅದನ್ನೇ ಮಾಡಿದವಳು ನಾನು, ಬಟ್ಟೆಯ ಬಗ್ಗೆ ನಾಲ್ಕು ಮಾತು.

ಇಂಗ್ಲಿಷ್ ಪುಸ್ತಕಗಳು, ವಿಡಿಯೊಗಳು ಕೌದಿಗೆ ಬಾಟಿಕ್ ಒಳ್ಳೆಯದು ಎನ್ನುವಾಗ ಅವರ ಮನಸ್ಸಿನಲ್ಲಿರುವುದು ಇಂಡೊನೇಷ್ಯಾದ, ಅದರಲ್ಲೂ ಬಾಲಿಯ ಬಟ್ಟೆ. ತಾಮ್ರದ ಅಚ್ಚಿನಿಂದ ಮೇಣ ಒತ್ತಿ ಬಣ್ಣ ಹಾಕಿದ್ದು. ಅದರ ನೇಯ್ಗೆ ಬಲು ಒತ್ತು, ಕತ್ತರಿಸಿದ ಅಂಚಿನಿಂದ ಎಳೆ ಸುಲಭಕ್ಕೆ ಕೀಳುವುದಿಲ್ಲ. ಎಸಳು ಕತ್ತರಿಸಲು ಹೇಳಿ ಮಾಡಿಸಿದ ಬಟ್ಟೆ, ಆದರೆ ಕೈಸೂಜಿಗೆ ಕಷ್ಟ. ನಮ್ಮ ಭೇರುಗಢದ್ದು, ಕಚ್ಛದ ಮುಂದ್ರಾದ್ದು ಸಾಮಾನ್ಯವಾಗಿ ಅದಕ್ಕಿಂತ ಮೆತ್ತಗೆ, ನೇಯ್ಗೆ ತುಸು ಸಡಿಲು. ಕೈಹೊಲಿಗೆಗೆ ಹಿತ, ಅಂಚಿನಲ್ಲಿ ಎಳೆ ಬಿಡುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಗಂಜಿ ಹಾಕಬೇಕು, ಹೊಲಿದ ಮೇಲಲ್ಲ. ಅನ್ನ ಬಸಿದ ತಿಳಿಗಂಜಿ ಸಾಕು. ಗಂಜಿ ಕುಡಿದು ಒಣಗಿದ ಬಟ್ಟೆ ಕಾಗದದಂತೆ ನಿಲ್ಲುತ್ತದೆ, ಓರೆಯಾಗಿ ಕತ್ತರಿಸಿದರೂ ಜಗ್ಗುವುದಿಲ್ಲ.

ಬಟ್ಟೆಯಲ್ಲಿ ಮೇಣ ಉಳಿದಿದೆಯೇ ಎಂದೂ ನೋಡಿಕೊಳ್ಳಿ. ಬಾಟಿಕ್ ಬಣ್ಣವನ್ನು ತಣ್ಣೀರಿನಲ್ಲೇ ಹಾಕಬೇಕು, ಬಿಸಿಯಾದರೆ ಮೇಣ ಕರಗುತ್ತದೆ. ಬಣ್ಣದ ಕೆಲಸ ಮುಗಿದ ಮೇಲೆ ಕುದಿಯುವ ನೀರಿನಲ್ಲಿ ಅದ್ದಿ ಮೇಣ ತೆಗೆಯುತ್ತಾರೆ. ಅವಸರದಲ್ಲಿ ತೆಗೆದ ಬಟ್ಟೆಯಲ್ಲಿ ಅಲ್ಲಲ್ಲಿ ಬಿರುಸು ಉಳಿದಿರುತ್ತದೆ, ಬೆರಳಿನಿಂದ ಸವರಿದರೆ ತಿಳಿಯುತ್ತದೆ. ಅಂಥ ಕಡೆ ಮೇಲೆ ಕೆಳಗೆ ಅಚ್ಚಿಲ್ಲದ ಬಿಳಿ ಕಾಗದವಿಟ್ಟು ಬಿಸಿ ಇಸ್ತ್ರಿ ಒತ್ತಿ, ಕಾಗದ ಮೇಣ ಹೀರಿಕೊಳ್ಳುತ್ತದೆ. ವೃತ್ತಪತ್ರಿಕೆ ಇಟ್ಟರೆ ಕಪ್ಪು ಮಸಿ ಬಟ್ಟೆಗೆ ಹತ್ತೀತು. ಹಾಗೆಯೇ ಬಿಟ್ಟರೆ ಸೂಜಿಗೆ ಮೇಣ ಮೆತ್ತಿ ಹೊಲಿಗೆ ಜಿಗಿಯುತ್ತದೆ.

ಇಷ್ಟೆಲ್ಲ ಹೇಳಿದರೂ, ಹಪ್ಪಳದ ಕಾಯಿಲೆಗೆ ಬಟ್ಟೆ ಕಾರಣವಲ್ಲ ಎಂದೇ ನನ್ನ ಅನಿಸಿಕೆ.

ಕೋನಮಾಪಕ, ಯಾದಗಿರಿ

ಮಕ್ಕಳಿಗೆ ಗಣಿತ ಕಲಿಸುವವನು, ಸೂಜಿ ಹಿಡಿದವನಲ್ಲ. ಮನೆಯಲ್ಲಿ ಹೊಲಿಯುವವರು ಈ ಚರ್ಚೆ ತೋರಿಸಿದರು.

ಹಳೆ ಮಷಿನ್ ಅವರೇ, ತಪ್ಪು ತಿಳಿಯಬೇಡಿ, ಮಾರ್ಜಿನ್ ಕಡಿಮೆಯಾದರೆ ಅಂಚು ಏಳುವುದಿಲ್ಲ. ಎಸಳಿನ ಎರಡೂ ಬದಿಗೆ ಒಂದೇ ಅಗಲದ ಪಟ್ಟಿಯನ್ನು ಹೊಲಿಗೆಯೊಳಗೆ ಹಾಕಿದಾಗ ಬದಿಗಳು ಮೊದಲಿದ್ದ ದಿಕ್ಕಿಗೇ ಇರುತ್ತವೆ, ಒಳಕ್ಕೆ ಸರಿಯುತ್ತವೆ ಅಷ್ಟೆ. ಅವುಗಳ ನಡುವಿನ ಕೋನ ಬದಲಾಗುವುದಿಲ್ಲ. ಮಾರ್ಜಿನ್ ಕಡಿಮೆಯಾದರೆ ನಡುವಿನ ತೂತು ದೊಡ್ಡದಾದೀತು, ಹೆಚ್ಚಾದರೆ ಚಿಕ್ಕದಾದೀತು. ತಟ್ಟೆ ಮಾತ್ರ ಮಟ್ಟಸವಾಗಿಯೇ ಇರುತ್ತದೆ.

ತಟ್ಟೆ ಮಲಗುವುದು ಏಳುವುದು ಕೋನದ ಕೈಯಲ್ಲಿದೆ. ಪೂರ್ತಿ ಸುತ್ತಿಗೆ 360 ಡಿಗ್ರಿ, 20 ಎಸಳಾದರೆ ಒಂದಕ್ಕೆ 18. ಒಟ್ಟು 360ಕ್ಕಿಂತ ಕಡಿಮೆಯಾದರೆ ನಡು ಉಬ್ಬಿ ಗೋಪುರವಾಗುತ್ತದೆ, ಹೆಚ್ಚಾದರೆ ಅಂಚು ಅಲೆಅಲೆಯಾಗುತ್ತದೆ. ಚಿಂದಿಗಂಟು ಅವರದು ಎರಡನೆಯದು. ದಯವಿಟ್ಟು ಎಸಳಿನ ಮೂರು ಅಳತೆ ತಿಳಿಸಿ: ಉದ್ದ, ಕಿರಿದಾದ ತುದಿ, ಅಗಲದ ತುದಿ. ಹೊಲಿಯುವ ಮೊದಲಿನ ಅಳತೆ.

ಹಳೆ ಮಷಿನ್, ಶಹಾಬಾದ್

ಮಾಸ್ತರರೇ, ಕಾಗದದ ಮೇಲಿನ ಲೆಕ್ಕ ಬೇರೆ, ಮಷಿನ್ನಿನ ಮೇಲಿನದು ಬೇರೆ. ಒಂದೇ ಸಮನಾಗಿ ಹೊಲಿದರೆ ನೀವು ಹೇಳಿದಂತೆ. ಹಾಗೆ ಯಾರು ಹೊಲಿಯುತ್ತಾರೆ? ಮೇಲಿನ ತುದಿಯಲ್ಲಿ ಕಾಲು ಇಂಚಿಗೆ ಶುರು ಮಾಡಿ ಕೆಳಗೆ ಬರುವಷ್ಟರಲ್ಲಿ ಕೈ ಎತ್ತಲೋ ಜಾರಿರುತ್ತದೆ.

ಕೋನಮಾಪಕ, ಯಾದಗಿರಿ

ಒಪ್ಪಿದೆ. ಹೊಲಿಗೆ ಸೊಟ್ಟಗೆ ಹೋದರೆ ಕೋನ ಕೆಡುತ್ತದೆ. ಅಗಲದ ತುದಿಯಲ್ಲಿ ಎಸಳಿನ ಒಂದೊಂದು ಬದಿಗೆ ಒಂದೇ ಮಿಲಿಮೀಟರ್ ಮಾರ್ಜಿನ್ ಕಡಿಮೆಯಾಯಿತು ಎನ್ನಿ. ಒಂದು ಜೋಡಣೆಗೆ 2 ಮಿ.ಮೀ., 20 ಜೋಡಣೆಗೆ 40 ಮಿ.ಮೀ. ಸುತ್ತಳತೆ ಹೆಚ್ಚಾಗುತ್ತದೆ. ನಾಲ್ಕು ಸೆಂಟಿಮೀಟರ್ ಬಟ್ಟೆಗೆ ಕೂರಲು ಜಾಗವಿಲ್ಲದೆ ಮೇಲೇಳುತ್ತದೆ. ಎಷ್ಟು ಬಿಟ್ಟಿರಿ ಎನ್ನುವುದಲ್ಲ, ತುದಿಯಿಂದ ತುದಿಗೆ ಒಂದೇ ಸಮ ಬಿಟ್ಟಿರಾ ಎನ್ನುವುದು ಮುಖ್ಯ. ನಿಮ್ಮ ಬ್ಯಾಂಡೇಜ್ ಪಟ್ಟಿಯ ಉಪಾಯ ಅದಕ್ಕೇ ಒಳ್ಳೆಯದು.

ಚಿಂದಿಗಂಟು, ಕಲಬುರಗಿ

ಅಳತೆ ಇಲ್ಲಿದೆ. ಉದ್ದ 6 ಇಂಚು, ಕಿರಿದಾದ ತುದಿ 1 ಇಂಚು, ಅಗಲದ ತುದಿ 3 ಇಂಚು. ವಿಡಿಯೊ ಒಂದರಲ್ಲಿ ಹಾಗೆಯೇ ಹೇಳಿದ್ದರು. ಹಳೆಯ ಎಕ್ಸ್‌ರೇ ಹಾಳೆಯಲ್ಲಿ ಅಚ್ಚು ಕತ್ತರಿಸಿಕೊಂಡು ಎಲ್ಲ ಎಸಳನ್ನೂ ಅದರಿಂದಲೇ ಗುರುತು ಹಾಕಿದೆ. ಐದು ಬಣ್ಣದ್ದೂ ಕತ್ತರಿಸಿ ಆಗಿದೆ.

ಕೋನಮಾಪಕ, ಯಾದಗಿರಿ

ಸಿಕ್ಕಿತು. 6 ಇಂಚಿನ ಉದ್ದದಲ್ಲಿ ಅಗಲ 1ರಿಂದ 3ಕ್ಕೆ ಹೋದರೆ ಎಸಳಿನ ಕೋನ 18 ಡಿಗ್ರಿ ಅಲ್ಲ, ಹತ್ತಿರ ಹತ್ತಿರ 18.9. ಇಪ್ಪತ್ತಕ್ಕೆ 378 ದಾಟುತ್ತದೆ. 18 ಡಿಗ್ರಿಗೂ ಹೆಚ್ಚು, ಅಂದರೆ ಸುಮಾರಾಗಿ ಒಂದು ಇಡೀ ಎಸಳು ನಿಮ್ಮ ತಟ್ಟೆಯಲ್ಲಿ ಹೆಚ್ಚಾಗಿದೆ.

ಬಟ್ಟೆ ಎಸೆಯಬೇಡಿ, ಹೊಸದಾಗಿ ಕತ್ತರಿಸಲೂ ಬೇಡಿ. ಒಂದು ಎಸಳು ಬಿಚ್ಚಿ 19 ಮಾಡಿ. 19 ಎಸಳಿಗೆ 359.6 ಡಿಗ್ರಿ ಬರುತ್ತದೆ, ಉಳಿದ ಚೂರು ಬಟ್ಟೆ ತಾನೇ ನುಂಗಿಕೊಳ್ಳುತ್ತದೆ.

ಹೊಸದಾಗಿ ಅಚ್ಚು ಮಾಡುವವರು ಇಂಚುಪಟ್ಟಿಯನ್ನು ಬದಿಗಿಟ್ಟು ಸ್ಕೇಲಿನ ಸೆಂಟಿಮೀಟರ್ ಬದಿಯನ್ನು ಹಿಡಿಯಿರಿ. ಉದ್ದ 15, ಕಿರಿದಾದ ತುದಿ 2.5, ಅಗಲದ ತುದಿ 7.25 ಸೆಂ.ಮೀ. ಇದು ಕರಾರುವಾಕ್ಕಾಗಿ 18 ಡಿಗ್ರಿ. ಇಂಚಿನಲ್ಲೇ ಬೇಕೆಂದರೆ 6, 1, 2.9. ಈ 2.9 ಎನ್ನುವುದು ದರ್ಜಿಯವರ ಟೇಪಿನಲ್ಲಿಲ್ಲ. ಎರಡೂ ಮುಕ್ಕಾಲಿನ ಮೇಲೆ ಅರೆಪಾವು, ಅಂದರೆ 2⅞ ಹಿಡಿದರೆ 20 ಎಸಳಿಗೆ ಐದು ಡಿಗ್ರಿಯಷ್ಟು ಕೊರತೆ ಬಿದ್ದು ನಡು ಉಬ್ಬುತ್ತದೆ. 3 ಹಿಡಿದರೆ ಏನಾಗುತ್ತದೆಂದು ನೋಡಿಯಾಯಿತು.

ಪೂರ್ತಿ ಹೊಲಿಯುವ ತನಕ ಕಾಯದೆ ಪರೀಕ್ಷಿಸುವ ದಾರಿಯೂ ಇದೆ. 18ರ ಲೆಕ್ಕದಲ್ಲಿ ಐದು ಎಸಳಿಗೆ ಸರಿಯಾಗಿ 90 ಡಿಗ್ರಿ. ಐದನ್ನು ಹೊಲಿದು ಇಸ್ತ್ರಿ ಮಾಡಿ ಯಾವುದಾದರೂ ಚೌಕದ ಮೂಲೆಗೆ ಇಟ್ಟು ನೋಡಿ. ಶಹಾಬಾದ್ ಫರಸಿ ಹಾಸಿದ ಮನೆಯವರಿಗೆ ನೆಲದಲ್ಲೇ ಮೂಲೆಗಳಿವೆ. ಎಸಳಿನ ಎರಡು ಕೊನೆಯ ಬದಿಗಳು ಫರಸಿಯ ಎರಡು ಸಂದಿನ ಗೆರೆಗೆ ಕೂತರೆ ಮುಂದುವರಿಯಬಹುದು.

ಹಳೆ ಮಷಿನ್, ಶಹಾಬಾದ್

ನಮ್ಮೂರಿನ ಕಲ್ಲು ಕೊನೆಗೂ ಹೊಲಿಗೆಗೆ ಬಂತು! ಮಾಸ್ತರರೇ, ಕಾಗದ ಕತ್ತರಿಸಿ ನೋಡಿದೆ, ಮಾರ್ಜಿನ್ ಮಾತು ನೀವು ಹೇಳಿದಂತೆಯೇ ಇದೆ. ನನ್ನದೂ ಒಂದು ಸೇರಿಸಿಕೊಳ್ಳಿ: ಹೊಲಿಗೆಯನ್ನು ಯಾವಾಗಲೂ ಅಗಲದ ತುದಿಯಿಂದ ಶುರು ಮಾಡಿ, ಅಲ್ಲೇ ಹಿಂದೆ ಮುಂದೆ ಓಡಿಸಿ ಗಟ್ಟಿ ಮಾಡಿ, ನಡುವಿನ ಕಡೆಗೆ ಇಳಿಯಿರಿ. ಹೊರಗಿನ ಭುಜಗಳು ಒಂದಕ್ಕೊಂದು ಕೂಡಿದರೆ ತಟ್ಟೆಗೆ ಅಂದ. ಕೆಳಗೆ ಒಂದು ದಾರದಷ್ಟು ಹೆಚ್ಚುಕಡಿಮೆಯಾದರೆ ಬಿಲ್ಲೆ ಮುಚ್ಚಿಕೊಳ್ಳುತ್ತದೆ. ಎರಡೆರಡನ್ನು ಸೇರಿಸಿ, ಆಮೇಲೆ ಐದೈದರ ಕಾಲುಭಾಗ, ಆಮೇಲೆ ಅರ್ಧ, ಕೊನೆಗೆ ಎರಡು ಅರ್ಧಗಳು. 19ರವರಿಗೆ ಕೊನೆಯ ಕಾಲು ನಾಲ್ಕರದ್ದು.

ಮೂತಿಯ ಮೂಲೆಯನ್ನು ತಿರುವುವ ಮೊದಲು ಮಡಿಕೆಯ ಕಡೆ ಓರೆಯಾಗಿ ಕತ್ತರಿಸಿ ದಪ್ಪ ಇಳಿಸಿ. ಕತ್ತರಿಯ ಮೊನೆಯಿಂದ ನೂಕಬೇಡಿ, ತೂತು ಬೀಳುತ್ತದೆ. ರಿಫಿಲ್ ಮುಗಿದ ಬಾಲ್ ಪೆನ್ ಸಾಕು. ಸೂಜಿ 11 ನಂಬರಿನದು ಹಾಕಿ. 16ರ ಸೂಜಿ ಒತ್ತು ನೇಯ್ಗೆಯಲ್ಲಿ ಕಣ್ಣಿಗೆ ಕಾಣುವ ತೂತು ಬಿಡುತ್ತದೆ.

ಬಿದರಿ ಬೂಟಿ, ಬೀದರ್

ಈ 19 ಒಂದು ಹೊಸ ತಲೆನೋವು ತರುತ್ತದೆ, ಯಾರೂ ಹೇಳಲಿಲ್ಲ. ಐದು ಬಣ್ಣವನ್ನು ಸಾಲಾಗಿ ಸುತ್ತಿಸಿದರೆ 20ರಲ್ಲಿ ನಾಲ್ಕು ಸುತ್ತು ಸರಿಯಾಗಿ ಮುಗಿಯುತ್ತಿತ್ತು. 19ರಲ್ಲಿ ಎಲ್ಲೋ ಒಂದು ಕಡೆ ಸರತಿ ಮುರಿಯಲೇಬೇಕು. ನಾಲ್ಕು ಬಣ್ಣ, ಎರಡು ಬಣ್ಣ ತೆಗೆದುಕೊಂಡರೂ ಅಷ್ಟೇ.

ಸರತಿಯ ಆಸೆ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಎಸಳುಗಳನ್ನು ನೆಲದ ಮೇಲೆ ಹರಡಿ ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆಯಿರಿ. ಬಾಟಿಕ್ಕಿನಲ್ಲಿ ಕೆಂಪು, ಹಸಿರು, ನೀಲಿ ಎಂದು ಕಣ್ಣಿಗೆ ಕಂಡದ್ದು ಕಪ್ಪುಬಿಳುಪಿನಲ್ಲಿ ಒಂದೇ ಬೂದಿಬಣ್ಣವಾಗಿ ಕಾಣುವುದುಂಟು. ಹಾಗಾದರೆ ತಟ್ಟೆ ಹೊಲಿದ ಮೇಲೆ ಎಸಳು ಯಾವುದು, ಸಂದು ಯಾವುದು ತಿಳಿಯುವುದಿಲ್ಲ. ದಟ್ಟ, ತಿಳಿ, ದಟ್ಟ, ತಿಳಿ ಎಂದು ಇಡುತ್ತ ಹೋಗಿ, ಸರತಿ ಮುರಿಯುವ ಜಾಗದಲ್ಲಿ ನಡುಬಣ್ಣದ ಒಂದು ಎಸಳು. ಅಲ್ಲಿ ಮುರಿದಿದೆ ಎಂದು ನಿಮಗೆ ಬಿಟ್ಟು ಇನ್ನೊಬ್ಬರಿಗೆ ಗೊತ್ತಾಗುವುದಿಲ್ಲ.

ನಮ್ಮ ಬಿದರಿ ಕೆಲಸದಲ್ಲಿ ಅಶರ್ಫಿ ಬೂಟಿ ಎಂದು ಒಂದು ಮಾದರಿಯಿದೆ, ದುಂಡು ಹೂಗಳದ್ದು. ಕಪ್ಪು ನೆಲ, ಬೆಳ್ಳಿ ಹೂ, ಎರಡೇ ಬಣ್ಣ. ನನ್ನ ಕೈಗೆ ಈ ಕೆಲಸ ಬಂದಿದ್ದರೆ ಹಿನ್ನೆಲೆಗೆ ಕಪ್ಪು ಬಟ್ಟೆ ತರುತ್ತಿದ್ದೆ. ಡ್ರೆಸ್ಡನ್ ಪ್ಲೇಟನ್ನು ಎಲ್ಲರೂ ಬಿಳಿಯ ಮೇಲೆ ಹೊಲಿಯುತ್ತಾರೆ. ಮೇಣ ಬಿರಿದ ಕಡೆ ಬಣ್ಣ ಇಳಿದು ಮೂಡುವ ಬಾಟಿಕ್ಕಿನ ಬಿರುಕುಗೆರೆಗಳು ಕಪ್ಪಿನ ಮೇಲೆ ಎದ್ದು ಬರುತ್ತವೆ.

ಮೇಣದ ಬಿರುಕು, ಬೀದರ್

ಬೂಟಿಯವರ ಕಪ್ಪಿಗೆ ನನ್ನದೂ ಒಂದು ಮತ, ಸೌಂದರ್ಯಕ್ಕಿಂತ ಬೇರೆ ಕಾರಣಕ್ಕೆ. ಆಯಿಯವರ ಅರ್ಧ ಸತ್ಯ ಎಂದಿದ್ದೆನಲ್ಲ, ಅದು ಈ ಬಣ್ಣದ ವಿಷಯ. ನಮ್ಮ ಬಾಟಿಕ್‌ನಲ್ಲಿ ನ್ಯಾಫ್ಥಾಲ್ ಬಣ್ಣಗಳ ಬಳಕೆ ಹೆಚ್ಚು. ತಣ್ಣೀರಿನಲ್ಲಿ ಹಿಡಿಯುತ್ತವೆ, ಕೆಂಪು, ಮರೂನ್, ಕಪ್ಪು ಬಲು ಗಾಢವಾಗಿ ಬರುತ್ತವೆ. ಆದರೆ ಉಜ್ಜಿದರೆ ಮೇಲಿನ ಬಣ್ಣ ಹತ್ತುವುದುಂಟು. ಬಿಳಿ ಕರವಸ್ತ್ರವನ್ನು ಒದ್ದೆ ಮಾಡಿ ಬಟ್ಟೆಯ ಮೇಲಿಟ್ಟು ಇಸ್ತ್ರಿ ಒತ್ತಿ, ಆಮೇಲೆ ಗಟ್ಟಿಯಾಗಿ ಉಜ್ಜಿ. ಕರವಸ್ತ್ರ ಕೆಂಪಾದರೆ ಆ ಬಟ್ಟೆಯನ್ನು ಬಿಳಿಯ ಪಕ್ಕದಲ್ಲಿ ಕೂರಿಸಬೇಡಿ.

ಹತ್ತಿಹೊಲ, ಶಹಾಪುರ

ಉಪ್ಪು, ವಿನೆಗರ್ ಹಾಕಿದ ನೀರಿನಲ್ಲಿ ರಾತ್ರಿಯಿಡೀ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂದು ನಮ್ಮ ಕಡೆ ಎಲ್ಲರೂ ಮಾಡುತ್ತಾರಲ್ಲ?

ಮೇಣದ ಬಿರುಕು, ಬೀದರ್

ಎಲ್ಲರೂ ಮಾಡುತ್ತಾರೆ, ಬಣ್ಣ ತನ್ನ ಪಾಡಿಗೆ ತಾನು ಹೋಗುತ್ತಿರುತ್ತದೆ. ಹತ್ತಿಯ ಕೆಲವು ಬಣ್ಣಗಳನ್ನು ಹಾಕುವಾಗ ಬಣ್ಣದ ನೀರಿಗೇ ಉಪ್ಪು ಸೇರಿಸುವುದು ನಿಜ, ಬಣ್ಣ ಎಳೆಯತ್ತ ಸಾಗಲಿ ಎಂದು. ಹಾಕಿ ಮುಗಿದ ಬಟ್ಟೆಗೆ ಆಮೇಲೆ ಉಪ್ಪು ಸುರಿದರೆ ಏನೂ ಹಿಡಿಯುವುದಿಲ್ಲ. ವಿನೆಗರ್ ಕೆಲಸ ಮಾಡುವುದು ರೇಷ್ಮೆ, ಉಣ್ಣೆಯ ಬಣ್ಣಗಳಿಗೆ. ಹತ್ತಿಗೆ ಅದು ಉಪ್ಪಿನಕಾಯಿಯ ವಾಸನೆ ಕೊಟ್ಟೀತು, ಅಷ್ಟೆ. ಅಂಟದೆ ಉಳಿದ ಬಣ್ಣವನ್ನು ಸಾಬೂನು ನೀರಿನಲ್ಲಿ ಬೇರೆ ಬೇರೆಯಾಗಿ ಒಗೆದು ಹೊರಗೆ ಹಾಕುವುದೊಂದೇ ದಾರಿ. ನಮ್ಮ ಬೋರ್‌ವೆಲ್ ನೀರು ಗಡಸು, ಸಾಬೂನು ನೊರೆಯನ್ನೇ ಕೊಡುವುದಿಲ್ಲ. ಡಿಟರ್ಜೆಂಟ್ ದ್ರವ ಬಳಸಿ. ಎಸಳು ಕತ್ತರಿಸಿಯಾಗಿರುವ ಚಿಂದಿಗಂಟು ಅವರು ಇನ್ನು ಒಗೆಯಲು ಹೋಗಬೇಡಿ, ಎಳೆ ಬಿಟ್ಟು ಜಡೆಯಾಗುತ್ತದೆ. ಕಪ್ಪು ಹಿನ್ನೆಲೆ ಹಾಕಿ.

ಕೌದಿ ಆಯಿಯ ಮೊಮ್ಮಗ, ಆಳಂದ

ಅಂತರ್ಜಾಲದಲ್ಲಿದ್ದ ಡ್ರೆಸ್ಡನ್ ಪ್ಲೇಟಿನ ಫೋಟೊ ತೋರಿಸಿದೆ. ಆಯಿಗೆ ಹಿಡಿಸಿತು, ಬಾಯಿಬಿಟ್ಟು ಹೇಳಲಿಲ್ಲ. ಇದನ್ನು ಹೊಲಿದವರೂ ಹಳೆ ಬಟ್ಟೆಯವರೇ ಇರಬೇಕು, ಇಲ್ಲದಿದ್ದರೆ ಇಷ್ಟು ಚಿಕ್ಕ ಚೂರು ಯಾರು ಕೂಡಿಸುತ್ತಾರೆ ಎಂದಳು.

ಬಿದರಿ ಬೂಟಿ, ಬೀದರ್

ಆಯಿ ಸರಿಯಾಗಿಯೇ ಹಿಡಿದಿದ್ದಾರೆ. ಈ ವಿನ್ಯಾಸ ಅಮೆರಿಕದಲ್ಲಿ ಮನೆಮಾತಾಗಿದ್ದು 1920, 30ರ ದಶಕಗಳಲ್ಲಿ. ಅದರಲ್ಲೂ 30ರದು ಆರ್ಥಿಕ ಕುಸಿತದ ಕಾಲ. ಹಿಟ್ಟು, ಕೋಳಿಮೇವು ತುಂಬಿ ಬರುತ್ತಿದ್ದ ಹತ್ತಿಯ ಚೀಲಗಳನ್ನು ಬಿಚ್ಚಿ ಅಂಗಿ, ಕೌದಿ ಹೊಲಿಯುತ್ತಿದ್ದರು. ಅದನ್ನು ತಿಳಿದು ಕಂಪನಿಗಳು ಚೀಲಗಳ ಮೇಲೇ ಹೂವಿನ ಅಚ್ಚು ಹಾಕತೊಡಗಿದವು. ಒಂದೊಂದು ಎಸಳಿಗೆ ಅಂಗೈಯಷ್ಟು ಬಟ್ಟೆ ಸಾಕು. ಹೆಸರು ಬಂದದ್ದು ಜರ್ಮನಿಯ ಡ್ರೆಸ್ಡನ್ ನಗರದ ಹೂವಿನ ಚಿತ್ರದ ಪಿಂಗಾಣಿ ತಟ್ಟೆಗಳಿಂದ. ಪಕ್ಕದ ಮೈಸನ್‌ನಲ್ಲಿ 1710ರಲ್ಲೇ ಪಿಂಗಾಣಿ ಕಾರ್ಖಾನೆ ಶುರುವಾಗಿತ್ತು.

ಮೇಣದ ಬಿರುಕು, ಬೀದರ್

ಅದೇ ಇಪ್ಪತ್ತರ ದಶಕದಲ್ಲೇ, 1927ರಲ್ಲಿ, ರವೀಂದ್ರನಾಥ ಟ್ಯಾಗೋರರು ಜಾವಾಕ್ಕೆ ಹೋಗಿಬಂದರು. ಶಾಂತಿನಿಕೇತನದಲ್ಲಿ ಬಾಟಿಕ್ ಕಲಿಸುವುದು ಬೇರೂರಿದ್ದು ಆ ನಂಟಿನಿಂದ. ನಮ್ಮ ಕಡೆಯ ಡ್ರಾಯಿಂಗ್ ಮಾಸ್ತರರಿಗೆ ಮೇಣದ ಪಾತ್ರೆ ಸಿಕ್ಕಿದ್ದು ಆಮೇಲೆ.

ಹತ್ತಿಹೊಲ, ಶಹಾಪುರ

ಒಳಗೆ ಏನು ತುಂಬುತ್ತೀರಿ? ನಮ್ಮಲ್ಲಿ ಜಿನ್ನಿಂಗ್ ಆದ ಹತ್ತಿ ಸಿಗುತ್ತದೆ, ಗಾದಿ ಅಂಗಡಿಯಲ್ಲಿ ಪಿಂಜಿಸಿಕೊಂಡು ಹಾಕಬಹುದು.

ಮೇಣದ ಬಿರುಕು, ಬೀದರ್

ಬಿಡಿ ಹತ್ತಿ ಹಾಕಿದರೆ ಬೆರಳಿನ ಅಗಲಕ್ಕೊಂದು ಸಾಲು ಹೊಲಿಯಬೇಕು, ಇಲ್ಲವಾದರೆ ಎರಡು ಸಲ ಒಗೆಯುವಷ್ಟರಲ್ಲಿ ಗುಡ್ಡೆಗಟ್ಟಿ ಒಂದು ಮೂಲೆಗೆ ಹೋಗುತ್ತದೆ. ಬೀದರಿನ ಡಿಸೆಂಬರ್ ಚಳಿಗಾದರೆ ಅದೂ ಬೇಕು ಎನ್ನಬಹುದು. ಮೇ ತಿಂಗಳಲ್ಲಿ 42 ಡಿಗ್ರಿ ಕಾಯುವ ಕಲಬುರಗಿಯಲ್ಲಿ ರಜಾಯಿ ಹೊದ್ದು ಮಲಗುವವರು ಯಾರು? ತೆಳ್ಳಗಿನ ಹಳೆ ಹಾಸಿಗೆ ಹೊದಿಕೆ ಒಂದು ಪದರ ಸಾಕು.

ಕೌದಿ ಆಯಿಯ ಮೊಮ್ಮಗ, ಆಳಂದ

ಇದಕ್ಕೆ ಆಯಿಯ ತೀರ್ಪು: ಒಳಗೆ ಎರಡು ಹಳೆ ನೂಲಿನ ಸೀರೆ. ಪಾಲಿಯೆಸ್ಟರ್ ಸೀರೆ ಹಾಕಿದರೆ ಬೆವರು ಹೀರುವುದಿಲ್ಲ, ಸೂಜಿಯೂ ಜಾರುತ್ತದೆ. ಸೊಲ್ಲಾಪುರದ ಚಾದರ ಒಳಗೆ ಹಾಕುವವರಿದ್ದಾರೆ, ಅದು ಭಾರ, ಒಗೆದರೆ ಹಿಂಡುವುದಕ್ಕೆ ಇಬ್ಬರು ಬೇಕು.

ಹೊಲಿಗೆ ಹೇಗೆ ಹಾಕುತ್ತೀರಿ ಎಂದೂ ಕೇಳುತ್ತಿದ್ದಾಳೆ. ಕೌದಿಯ ಹೊಲಿಗೆ ಹೊರಗಿನ ಅಂಚಿನಿಂದ ಶುರುವಾಗಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರಬೇಕು. ತಟ್ಟೆ ಇರಲಿ, ಹೂ ಇರಲಿ, ಎಲ್ಲದರ ಮೇಲೆ ಹಾದು ಹೋಗಬೇಕು ಎನ್ನುತ್ತಾಳೆ.

ಬಿದರಿ ಬೂಟಿ, ಬೀದರ್

ಆಯಿಯವರ ಮೇಲೆ ಗೌರವವಿಟ್ಟೇ ಹೇಳುತ್ತೇನೆ, ಇಲ್ಲಿ ಅದು ಬೇಡ. ಎಸಳಿನ ಮೇಲೆ ಅಡ್ಡಗೆರೆ ಹೊಡೆದರೆ ಚೂಪು ಮೂತಿಯ ರೂಪವೇ ಹಾಳು. ಎಸಳಿನ ಸಂದುಗುಂಟ ಹೊಲಿಗೆ ಇಳಿಸಿ, ತಟ್ಟೆಯ ಹೊರಗೆ ಕಾಲು ಇಂಚು ಬಿಟ್ಟು ಅದರದೇ ಆಕಾರದಲ್ಲಿ ಒಂದು ಸುತ್ತು, ಮತ್ತೆ ಒಂದು ಸುತ್ತು. ಸೂಜಿ ಬಾಟಿಕ್ಕನ್ನು ಕಡಿಮೆ ಮುಟ್ಟುತ್ತದೆ, ಕೈಗೂ ಹಗುರ.

ಕೌದಿ ಆಯಿಯ ಮೊಮ್ಮಗ, ಆಳಂದ

ಆಯಿ: ಒಗೆಯುವ ಕಲ್ಲಿನ ಮೇಲೆ ಬಡಿಯುವಾಗ ರೂಪ ಉಳಿಸುವುದು ಅಡ್ಡಗೆರೆಯೇ.

ಬಿದರಿ ಬೂಟಿ, ಬೀದರ್

ಬಾಟಿಕ್ ಕೌದಿಯನ್ನು ಕಲ್ಲಿಗೆ ಬಡಿಯುವವರಿಗೆ ನಾನು ಸಲಹೆಯನ್ನೇ ಕೊಡುವುದಿಲ್ಲ!

ಹಳೆ ಮಷಿನ್, ಶಹಾಬಾದ್

ಜಗಳದ ನಡುವೆ ಒಂದು ಮಾತು. ತಟ್ಟೆಯನ್ನು ಹಿನ್ನೆಲೆಗೆ ಹೊಲಿದ ಮೇಲೆ ಅದರ ಅಡಿಯಲ್ಲಿರುವ ಹಿನ್ನೆಲೆ ಬಟ್ಟೆಯನ್ನು ಹಿಂದಿನಿಂದ ಕತ್ತರಿಸಿ ತೆಗೆಯುವವರಿದ್ದಾರೆ, ಹೊಲಿಗೆಯಿಂದ ಕಾಲು ಇಂಚು ಬಿಟ್ಟು. ಒಂದು ಪದರ ಕಡಿಮೆಯಾಗಿ ಕೈಸೂಜಿ ಸುಲಭವಾಗಿ ಹೋಗುತ್ತದೆ. ಕಪ್ಪು ಹಿನ್ನೆಲೆ ಹಾಕಿದರೆ ಇದು ಬೇಕೇ ಬೇಕು, ತಿಳಿ ಬಣ್ಣದ ಎಸಳಿನೊಳಗಿಂದ ಕಪ್ಪು ಇಣುಕುತ್ತದೆ. ಎಸಳಿನ ಸಂದುಗಳನ್ನು ಒಂದೇ ಕಡೆ ಮಲಗಿಸದೆ ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ, ದಪ್ಪ ಇನ್ನಷ್ಟು ಇಳಿಯುತ್ತದೆ.

ಕೌದಿ ಆಯಿಯ ಮೊಮ್ಮಗ, ಆಳಂದ

ಕತ್ತರಿಸುವ ಮಾತು ಕೇಳಿ ಆಯಿ ಎದ್ದು ಒಳಗೆ ಹೋದಳು. ಹಿನ್ನೆಲೆ ಕತ್ತರಿಸಿದ ಕೌದಿಗೆ ಬೆನ್ನೆಲುಬು ಇರುವುದಿಲ್ಲವಂತೆ. ತಿಳಿ ಎಸಳಿಗೆ ಒಳಗಡೆ ಬಿಳಿ ಮಲ್ ಬಟ್ಟೆಯ ತುಂಡು ಇಟ್ಟು ಹೊಲಿಯಿರಿ, ಕತ್ತರಿ ಮುಟ್ಟಬೇಡಿ ಎಂದು ಅಡುಗೆಮನೆಯಿಂದಲೇ ಕೂಗಿದಳು. ಅಂದ ಹಾಗೆ, ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಮಹಿಳೆಯರ ಕೌದಿಗಳನ್ನು ಯಾರಾದರೂ ನೋಡಿದ್ದೀರಾ? ಅವರೂ ಅಂಚಿನಿಂದಲೇ ಶುರು ಮಾಡಿ ನಡುವಿಗೆ ಬರುತ್ತಾರೆ, ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಚಿ ಮಾಡಿದ ಫುಲಾ ಎಂಬ ಹೂ ಕೂರಿಸುತ್ತಾರೆ. ಅಂಚಿನಿಂದ ಹೊಲಿಯುವ ಹಟ ನಮ್ಮ ಆಯಿಯೊಬ್ಬಳದಲ್ಲ ಎಂದು ಹೇಳಲಿಕ್ಕೆ ಬರೆದೆ.

ಚಿಂದಿಗಂಟು, ಕಲಬುರಗಿ

ಎಲ್ಲರಿಗೂ ಶರಣು. ಐದು ಎಸಳಿನ ತುಂಡನ್ನು ನಮ್ಮ ಪಡಸಾಲೆಯ ಫರಸಿಯ ಮೂಲೆಗೆ ಇಟ್ಟೆ. ಒಂದು ಬದಿಯನ್ನು ಸಂದಿಗೆ ಕೂಡಿಸಿದರೆ ಇನ್ನೊಂದು ಬದಿಯ ತುದಿ ಪಕ್ಕದ ಕಲ್ಲಿನೊಳಗೆ ಅರ್ಧ ಇಂಚಿನಷ್ಟು ಹೋಯಿತು. ಮಾಸ್ತರರ ಲೆಕ್ಕ ಕಲ್ಲಿನ ಮೇಲೆ ಕಂಡಿತು. ಒಂದು ಎಸಳು ಬಿಚ್ಚಿ 19 ಮಾಡಿ ಕೂಡಿಸಿದೆ. ಇಸ್ತ್ರಿ ಇಲ್ಲದೆಯೇ ಮಲಗಿದೆ.

ಅಳತೆ ಬೇಕಾದವರಿಗೆ: ತಟ್ಟೆ ಅಡ್ಡಕ್ಕೆ ಹೆಚ್ಚುಕಡಿಮೆ ಹದಿನಾಲ್ಕೂವರೆ ಇಂಚು ಬಂದಿದೆ, ನಡುವಿನ ತೂತು 3 ಇಂಚು. ಬಿಲ್ಲೆಯನ್ನು 4 ಇಂಚಿಗೆ ಸಿದ್ಧ ಮಾಡಿದ್ದೇನೆ. ಲಗ್ನಪತ್ರಿಕೆಯ ರಟ್ಟನ್ನು ದುಂಡಗೆ ಕತ್ತರಿಸಿ, ಬಟ್ಟೆಯ ಅಂಚಿಗೆ ದಾರ ಓಡಿಸಿ ರಟ್ಟಿನ ಮೇಲೆ ಬಿಗಿದು, ಗಂಜಿ ಸವರಿ ಇಸ್ತ್ರಿ ಮಾಡಿ ರಟ್ಟನ್ನು ಹೊರಗೆಳೆದರೆ ಅಂಚು ಒಂದು ಸುಕ್ಕಿಲ್ಲದೆ ಬರುತ್ತದೆ. ಹಿನ್ನೆಲೆ 18 ಇಂಚಿನ ಚೌಕ, ಕಪ್ಪು. ಅಡ್ಡ ಮೂರು, ಉದ್ದ ನಾಲ್ಕು, ಒಟ್ಟು 12 ತಟ್ಟೆ. 54ಕ್ಕೆ 72 ಇಂಚು, ಒಬ್ಬರ ಮಂಚಕ್ಕೆ ಎರಡೂ ಬದಿ ಇಳಿಬೀಳುತ್ತದೆ. ಎಸಳುಗಳನ್ನು ಪನ್ನದ (ಬಟ್ಟೆಯ ಅಗಲದ) ಉದ್ದಕ್ಕೂ ಒಂದು ತಲೆ ಮೇಲೆ, ಒಂದು ತಲೆ ಕೆಳಗೆ ಇಟ್ಟು ಕತ್ತರಿಸಿದ್ದರಿಂದ ಬಟ್ಟೆ ಧಾರಾಳವಾಗಿ ಉಳಿದಿದೆ. ಬಾಟಿಕ್‌ಗೆ ಒಳಮೈ ಹೊರಮೈ ವ್ಯತ್ಯಾಸ ಅಷ್ಟಾಗಿ ಇಲ್ಲದಿರುವುದೂ ಅನುಕೂಲವಾಯಿತು.

ಹೊಲಿಗೆಯ ವಿಷಯದಲ್ಲಿ ಬೂಟಿಯವರ ಮಾತನ್ನು ತಟ್ಟೆಗೆ, ಆಯಿಯ ಮಾತನ್ನು ಅಂಚಿಗೆ ಇಟ್ಟುಕೊಳ್ಳುತ್ತೇನೆ: ಹೊರಗಿನ ನಾಲ್ಕು ಬೆರಳು ಪೂರ್ತಿ ಕೌದಿಯ ಸಾಲುಹೊಲಿಗೆ. ಹಿನ್ನೆಲೆ ಕತ್ತರಿಸುವುದಿಲ್ಲ, ಮಲ್ ಬಟ್ಟೆಯೇ ಇಡುತ್ತೇನೆ. ಉಳಿದದ್ದು ಒಂದೇ ಪ್ರಶ್ನೆ: ಸುತ್ತಲಿನ ಗೋಟು ಓರೆ ಪಟ್ಟಿಯದೋ, ನೇರ ಪಟ್ಟಿಯದೋ?

ಹಳೆ ಮಷಿನ್, ಶಹಾಬಾದ್

ನೇರ ಪಟ್ಟಿ ಸಾಕು ಅಕ್ಕಾ. ಓರೆ ಪಟ್ಟಿ ಬೇಕಾಗುವುದು ಅಂಚು ಬಾಗಿದ್ದರೆ, ನಿಮ್ಮದು ನೇರ. ಎರಡೂವರೆ ಇಂಚಿನ ಪಟ್ಟಿಯನ್ನು ಉದ್ದಕ್ಕೆ ಮಡಚಿ ಎರಡು ಪದರ ಮಾಡಿ ಹಾಕಿ. ಕೌದಿ ಮೊದಲು ಸವೆಯುವುದು ಅಂಚಿನಲ್ಲೇ.

ಕೌದಿ ಆಯಿಯ ಮೊಮ್ಮಗ, ಆಳಂದ

ಅಡಿಬದಿಗೆ ಯಾವ ಬಟ್ಟೆ ಎಂದು ಆಯಿ ಕೇಳುತ್ತಿದ್ದಾಳೆ. ಅದನ್ನೂ ಹೊಸದು ತರುವುದಾದರೆ ತನಗೆ ಹೇಳಬೇಡಿ ಎಂದಳು. ಅವಳ ಟ್ರಂಕಿನಲ್ಲಿ ಇಳಕಲ್ ಸೀರೆಯೊಂದಿದೆ, ಸೆರಗು ಹರಿದದ್ದು, ಮೈ ಗಟ್ಟಿಯಿದೆ. ಅಗಲ ಸಾಲದು, ನಡುವೆ ಕೂಡಿಸಬೇಕಾಗುತ್ತದೆ. ಆಳಂದದ ಕಡೆ ಬಂದರೆ ಒಯ್ಯಿರಿ.